ಅಕ್ಟೋಬರ್ ಒಂದನ್ನು ನಾವೇಕೆ ಮರೆಯಬಾರದು?

ನಮ್ಮ ಮನೆಗಳ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 2 ಕೆಂಪಕ್ಷರದ ದಿನ. ಅದು ಗಾಂಧೀಜಿಯವರ ಜನ್ಮದಿನ, ರಜಾದಿನ. ಅದರ ಹಿಂದಿನ ದಿನದ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಆದರೆ ಚರಿತ್ರೆ ರಜೆಯ ಪಟ್ಟಿಯನ್ನು ನೋಡಿಕೊಂಡು ನಡೆಯುವುದಿಲ್ಲ. 1949ರ ಅಕ್ಟೋಬರ್ 1ರಂದು ಚೀನಾ ಜನತಾ ಗಣರಾಜ್ಯದ ಘೋಷಣೆಯಾಯಿತು. 1960ರ ಅದೇ ದಿನ ನೈಜೀರಿಯಾ ಬ್ರಿಟಿಷರಿಂದ ಸ್ವತಂತ್ರವಾಯಿತು. ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ 1906ರಲ್ಲಿ ಹುಟ್ಟಿದ್ದು ಈ ದಿನ. ಮದ್ರಸದಲ್ಲಿ ಕಲಿತು, ಹಕೀಮರಾಗಿ, ಕೊನೆಗೆ ಕವಿಯಾಗಿ ಹೆಸರಾದ ಮಜ್ರೂಹ್ ಸುಲ್ತಾನ್‌ಪುರಿ 1919ರಲ್ಲಿ ಹುಟ್ಟಿದ್ದೂ ಇದೇ ದಿನ. 1991ರಿಂದ ಜಗತ್ತು ಇದನ್ನು ಹಿರಿಯ ನಾಗರಿಕರ ದಿನವೆಂದು ಆಚರಿಸುತ್ತಿದೆ.

ಇವೆಲ್ಲ ದೂರದ ಮಾತು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ನಮಗೆ ಈ ದಿನ ಅದಕ್ಕಿಂತ ಹತ್ತಿರದ್ದು. 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದ ಬಳ್ಳಾರಿ, ಒಂದೂವರೆ ಶತಮಾನ ಕಾಲ ಮದ್ರಾಸಿನ ಆಡಳಿತದಲ್ಲಿತ್ತು. ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ನಿಧನರಾದರು. ನಾಲ್ಕೇ ದಿನಗಳಲ್ಲಿ ಪ್ರಧಾನಿ ನೆಹರೂ ಹೊಸ ರಾಜ್ಯವನ್ನು ಘೋಷಿಸಿದರು. ಆಗ ಬಳ್ಳಾರಿ ಜಿಲ್ಲೆ ಯಾರ ಪಾಲಿಗೆ ಎಂಬ ಪ್ರಶ್ನೆ ಎದ್ದಿತು. ಬಳ್ಳಾರಿ ತಾಲೂಕಿನ ವಿವಾದವಂತೂ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯವರೆಗೆ ಹೋಯಿತು. ಕೊನೆಗೆ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿ, ಜಿಲ್ಲೆಯ ಉಳಿದ ಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಅದೇ ದಿನ ಕರ್ನೂಲನ್ನು ರಾಜಧಾನಿಯಾಗಿಸಿಕೊಂಡು ಆಂಧ್ರ ರಾಜ್ಯ ಉದಯಿಸಿತು. ನಾಡಿನ ಉಳಿದ ಭಾಗಗಳು ಒಂದಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಬಳ್ಳಾರಿಯ ರಾಜ್ಯೋತ್ಸವ ಅದಕ್ಕಿಂತ ಮೂರು ವರ್ಷ ಮೊದಲೇ ನಡೆದಿತ್ತು.

ಆ ಸಂಭ್ರಮಕ್ಕೆ ಒಂದು ಜೀವ ಬಲಿಯಾಗಿತ್ತು. ವಿಲೀನದ ಹಿಂದಿನ ರಾತ್ರಿ ಸಮಾರಂಭದ ಚಪ್ಪರವನ್ನು ಕಾಯುತ್ತಿದ್ದವರಲ್ಲಿ ಪೈಲ್ವಾನ್ ರಂಜಾನ್ ಸಾಬ್ ಒಬ್ಬರು. ಹತ್ತಿಯನ್ನು ಹಿಂಜಿ ಹಾಸಿಗೆ, ದಿಂಬು ಮಾಡಿಕೊಡುವ ಪಿಂಜಾರ ಸಮುದಾಯದ ಶ್ರಮಜೀವಿ. ವಿಲೀನವನ್ನು ಸಹಿಸದ ದುಷ್ಕರ್ಮಿಗಳು ಎಸೆದ ಆಸಿಡ್ ಬಲ್ಬಿಗೆ ಸಿಲುಕಿ ಅವರು ಪ್ರಾಣ ಕಳೆದುಕೊಂಡರು. ಕರ್ನಾಟಕ ಏಕೀಕರಣದ ಹುತಾತ್ಮರ ಸಾಲಿನಲ್ಲಿ ಇಂದು ಅವರ ಹೆಸರಿದೆ. ಆದರೆ ಕೌಲ್ ಬಜಾರಿನ ಒಂದು ಓಣಿಯಲ್ಲಿ ನಿಂತು ನಮ್ಮ ಮಕ್ಕಳನ್ನು ರಂಜಾನ್ ಸಾಬ್ ಯಾರೆಂದು ಕೇಳಿದರೆ ಎಷ್ಟು ಮಂದಿ ಉತ್ತರಿಸಿಯಾರು? ಕ್ರಿಕೆಟಿಗರ ಜನ್ಮದಿನ ಬಲ್ಲ ಮಕ್ಕಳಿಗೆ ಇದನ್ನು ಹೇಳಿಕೊಡದಿದ್ದುದು ನಮ್ಮದೇ ತಪ್ಪಲ್ಲವೇ?

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳು ಅಗತ್ಯ. ರಂಜಾನ್ ಸಾಬರ ಬಲಿದಾನವನ್ನು ನಾವು ದೇಶಭಕ್ತಿಯ ಅಥವಾ ನಾಡಭಕ್ತಿಯ ಪ್ರಮಾಣಪತ್ರದಂತೆ ಎತ್ತಿ ತೋರಿಸಬೇಕಿಲ್ಲ. ಈ ಮಣ್ಣಿನಲ್ಲಿ ಹುಟ್ಟಿದವನು ಅಂತಹ ಪತ್ರವನ್ನು ಯಾರಿಗೂ ಕೊಡಬೇಕಾಗಿಲ್ಲ. ಅವರು ಕಾವಲು ನಿಂತದ್ದು ತನ್ನ ಊರಿಗಾಗಿ, ಯಾರನ್ನೂ ಮೆಚ್ಚಿಸಲಿಕ್ಕಲ್ಲ. ಎರಡನೆಯದಾಗಿ, ಈ ನೆನಪು ತೆಲುಗು ಭಾಷಿಕರ ವಿರುದ್ಧದ ಆಯುಧವಾಗಬಾರದು. ತನ್ನ ಭಾಷೆಗಾಗಿ ಪ್ರಾಣಕೊಟ್ಟವರು ಗಡಿಯ ಆಚೆಗೂ ಇದ್ದಾರೆ. ಸಿರುಗುಪ್ಪದ ಮನೆಯ ಹೆಣ್ಣುಮಗಳು ಆದೋನಿಯ ಸೊಸೆಯಾಗುವುದನ್ನು ಯಾವ ರಾಜ್ಯದ ಗಡಿಯೂ ತಡೆದಿಲ್ಲ.

ದಿನಾಂಕಕ್ಕೆ ಇಷ್ಟೊಂದು ಮಹತ್ವವೇಕೆ ಎಂದು ಕೆಲವರು ಕೇಳಬಹುದು. ‘ಶಅಬಾನ್’ ಎಂದಷ್ಟೇ ಬರೆದಿದ್ದ ದಾಖಲೆಯೊಂದು ಮುಂದೆ ಬಂದಾಗ, ಯಾವ ವರ್ಷದ ಶಅಬಾನ್ ಎಂದು ಖಲೀಫ ಉಮರ್(ರ) ಕೇಳಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಕಾಲಗಣನೆಯನ್ನು ಎಲ್ಲಿಂದ ಆರಂಭಿಸಬೇಕೆಂಬ ಸಮಾಲೋಚನೆ ನಡೆಯಿತು. ಪ್ರವಾದಿವರ್ಯರ(ಸ) ಜನನ, ವಿಯೋಗ ಎಂಬ ಸಲಹೆಗಳೂ ಬಂದವು. ಆಯ್ಕೆಯಾದದ್ದು ಹಿಜ್‌ರಾ. ವ್ಯಕ್ತಿಯ ಹುಟ್ಟು ಸಾವುಗಳಿಗಿಂತ ಒಂದು ಸಮಾಜ ತನ್ನ ಕಾಲ ಮೇಲೆ ನಿಂತ ಘಟನೆ ದೊಡ್ಡದೆಂದು ಅವರು ತೀರ್ಮಾನಿಸಿದರು. ಆ ತೀರ್ಮಾನಕ್ಕೆ ಕಾರಣವಾದದ್ದು ವರ್ಷ ನಮೂದಿಸದ ಒಂದು ಕಾಗದವೆಂಬುದು ಗಮನಾರ್ಹ.

ಇಂದು ನಮ್ಮ ಮನೆಗಳ ಕಾಗದಗಳ ಸ್ಥಿತಿ ಹೇಗಿದೆ? ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಮಕ್ಕಳಲ್ಲಿ ಅದೆಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದ್ದಾರೆ! ಹುಟ್ಟಿದ ದಿನ ಗೊತ್ತಿಲ್ಲವೆಂದು ತಂದೆ ಹೇಳಿದಾಗ, ಮಾಸ್ತರರು ಶಾಲೆ ತೆರೆಯುವ ದಿನವನ್ನೇ ಬರೆದುಕೊಂಡರು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು. ವಿದ್ಯಾರ್ಥಿವೇತನ, ಪಾಸ್‌ಪೋರ್ಟ್, ಪಿಂಚಣಿ ಎಂದು ಅಲೆಯುವಾಗಷ್ಟೇ ನಮಗೆ ಇದರ ಬಿಸಿ ತಟ್ಟುತ್ತದೆ.

ಈ ವಿಷಯದಲ್ಲೂ ಅಕ್ಟೋಬರ್ 1ಕ್ಕೆ ಮಹತ್ವವಿದೆ. ಜನನ ಮರಣ ನೋಂದಣಿಯ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಆ ದಿನ ಅಥವಾ ಅನಂತರ ಹುಟ್ಟಿದ ಮಗುವಿಗೆ ಶಾಲಾ ಪ್ರವೇಶ, ಆಧಾರ್, ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿ, ಪಾಸ್‌ಪೋರ್ಟ್, ವಿವಾಹ ನೋಂದಣಿ, ಸರಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪ್ರಮಾಣಪತ್ರವೇ. ನೋಂದಣಿಗೆ ಅವಧಿ 21 ದಿನ. ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯೇ ತಿಳಿಸಬೇಕು, ಮನೆಯ ಹೆರಿಗೆಯಾದರೆ ಹೊಣೆ ಮನೆಯ ಯಜಮಾನನದು. ಹೆಸರಿಟ್ಟಿಲ್ಲವೆಂದು ಕಾಯಬೇಕಿಲ್ಲ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ವರ್ಷ ದಾಟಿದರೆ ಮಾತ್ರ ಮ್ಯಾಜಿಸ್ಟ್ರೇಟರ ಆದೇಶಕ್ಕಾಗಿ ಕಚೇರಿ ಸುತ್ತಬೇಕು. ಮರಣದ ನೋಂದಣಿಗೂ 21 ದಿನವೇ. ದಫನ ಮುಗಿಸಿ ಮೂರನೆಯ ದಿನದ ಊಟಕ್ಕೆ ಸಾಲ ಮಾಡುವ ನಾವು ಮರಣ ಪ್ರಮಾಣಪತ್ರ ಪಡೆಯಲು ಉದಾಸೀನ ತೋರುತ್ತೇವೆ. ಅದರ ಬೆಲೆ ತೆರುವವಳು ವಿಧವೆ. ಆಸ್ತಿಯಲ್ಲಿ ಅವಳಿಗೆ ಧರ್ಮ ಕೊಟ್ಟ ಪಾಲನ್ನು ನಮ್ಮ ಈ ಅಲಕ್ಷ್ಯ ತಡೆಹಿಡಿಯುತ್ತದೆ.

ಮಸೀದಿಯ ಜಮಾಅತ್‌ಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ನಿಕಾಹ್‌ನ ದಫ್ತರು ಇಡುವವರು ಮೊಹಲ್ಲಾದ ಜನನ ಮರಣಗಳದ್ದೂ ಒಂದು ದಫ್ತರು ಇಡಲಿ. ನೋಂದಣಿಯಾಗಿದೆಯೇ ಎಂದು ಜುಮಾದ ನಂತರ ವಿಚಾರಿಸಲಿ. ಓದಿದ ಯುವಕರಿಬ್ಬರು ಅರ್ಜಿ ತುಂಬಿಕೊಡಲಿ. ಹಾಗೆಯೇ, ಪ್ರತಿ ಅಕ್ಟೋಬರ್ 1ರಂದು ನಮ್ಮ ಶಾಲೆ ಮತ್ತು ಮದ್ರಸಗಳಲ್ಲಿ ಅರ್ಧ ಗಂಟೆ ರಂಜಾನ್ ಸಾಬರ ಕಥೆ ಹೇಳಲಿ. ಮೆರವಣಿಗೆ ಬೇಡ, ಬ್ಯಾನರ್ ಬೇಡ. ಒಂದು ಊರಿನ ನೆನಪು ಉಳಿಯುವುದಕ್ಕೂ ಒಂದು ಮಗುವಿನ ಹಕ್ಕು ಉಳಿಯುವುದಕ್ಕೂ ಬೇಕಾದದ್ದು ಒಂದೇ: ಆದದ್ದನ್ನು ಆದ ದಿನವೇ ಬರೆದಿಡುವ ಶಿಸ್ತು. ಅದನ್ನು ನಾವು ನಮ್ಮ ಮನೆಯಿಂದಲೇ ಆರಂಭಿಸೋಣ.