ಎದುರಿನವರ ಕಣ್ಣು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಾರಿನ ಹೆಡ್‌ಲೈಟ್ ಸಾಲದು ಎಂದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಇದು: ‘ಹ್ಯಾಲೋಜನ್ ತೆಗೆಸಿ ಎಲ್‌ಇಡಿ ಹಾಕಿಸಿಬಿಡಿ ಸಾರ್, ಹತ್ತು ನಿಮಿಷದ ಕೆಲಸ, ರಾತ್ರಿ ಹಗಲಾಗುತ್ತೆ.’ ಗಿರಾಕಿ ಸ್ವಲ್ಪ ಹಿಂಜರಿದರೆ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: ‘ಎಲ್ಲರೂ ಹಾಕಿಸ್ತಿದಾರೆ, ನೀವೊಬ್ಬರೇ ಯಾಕೆ ಕತ್ತಲಲ್ಲಿ ಓಡಿಸ್ತೀರ?’ ಮೊದಲನೆಯ ಮಾತು ತಾಂತ್ರಿಕವಾಗಿ ತಪ್ಪು. ಎರಡನೆಯದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ನಮ್ಮ ಊರಿನ ಒಂದು ಹಳೆಯ ಕಾಯಿಲೆಯನ್ನು ಬುದ್ಧಿವಂತಿಕೆಯೆಂದು ಮಾರುತ್ತದೆ. ಹ್ಯಾಲೋಜನ್‌ಗಾಗಿ ರೂಪಿಸಿದ ದೀಪದೊಳಕ್ಕೆ ಎಲ್‌ಇಡಿ ಬಲ್ಬ್ ತುರುಕಿದವರು ತಮ್ಮ ಕಾರನ್ನು ಸುಧಾರಿಸಿದ್ದೇವೆಂದು ತಿಳಿದಿರುತ್ತಾರೆ. ನಿಜದಲ್ಲಿ ಅವರು ರಸ್ತೆಯಲ್ಲಿರುವ ಉಳಿದವರ ನೋಟವನ್ನು ಕಿತ್ತುಕೊಂಡಿರುತ್ತಾರೆ. ಕಿತ್ತುಕೊಂಡದ್ದು ತಮಗಾದರೂ ದಕ್ಕುತ್ತದೆಯೇ ಎಂದರೆ ಅದೂ ಪೂರ್ತಿ ದಕ್ಕುವುದಿಲ್ಲ.

ಹೆಡ್‌ಲೈಟ್ ಬೆಳಕು ಕೊಡುತ್ತದೆ ಎಂಬುದು ಅರ್ಧ ಸತ್ಯ. ಬೆಳಕು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಲೇಬಾರದು ಎಂದು ತೀರ್ಮಾನಿಸುವುದು ಅದರ ದೊಡ್ಡ ಕೆಲಸ. ಕಂಪನಿಯಿಂದ ಬಂದ ಹಾಗೇ ಇರುವ ಕಾರನ್ನು ರಾತ್ರಿ ಒಂದು ಗೋಡೆಗೆ ಎದುರಾಗಿ ನಾಲ್ಕೈದು ಮೀಟರ್ ದೂರದಲ್ಲಿ ನಿಲ್ಲಿಸಿ ಲೋ ಬೀಮ್ ಹಾಕಿ ನೋಡಿ. ಗೋಡೆಯ ಮೇಲೆ ಒಂದು ಗೆರೆ ಮೂಡುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ಬಲಭಾಗದಲ್ಲಿ ಗೆರೆ ಮಟ್ಟಸವಾಗಿ ಹೋಗುತ್ತದೆ, ಎಡಭಾಗದಲ್ಲಿ ಮಾತ್ರ ಓರೆಯಾಗಿ ಮೇಲೇರುತ್ತದೆ. ನಾವು ರಸ್ತೆಯ ಎಡಕ್ಕೆ ಓಡಿಸುವವರು. ಬಲದಿಂದ ಎದುರು ಬರುವವರ ಕಣ್ಣಿಗೆ ಬೆಳಕು ಬೀಳಬಾರದು. ಎಡದ ಅಂಚಿನಲ್ಲಿ ನಡೆದುಹೋಗುವವರು ನಮಗೆ ದೂರದಿಂದಲೇ ಕಾಣಬೇಕು. ಈ ಎರಡು ಕಾಳಜಿಗಳನ್ನೂ ಯಾರೋ ಎಂಜಿನಿಯರ್‌ಗಳು ಕೂತು ಲೆಕ್ಕ ಹಾಕಿ ಆ ಒಂದು ಗೆರೆಯೊಳಗೆ ಇಟ್ಟಿದ್ದಾರೆ.

ಇಟ್ಟ ಬಗೆಯನ್ನೂ ನೋಡಬೇಕು. ನಮ್ಮ ಎಷ್ಟೋ ಕಾರುಗಳಲ್ಲಿರುವುದು ಎಚ್4 ಬಲ್ಬ್, 60/55 ವ್ಯಾಟಿನದು. ಅದರ ಗಾಜಿನೊಳಗೆ ಎರಡು ಫಿಲಮೆಂಟ್ ಇವೆ. ಲೋ ಬೀಮಿನ ಫಿಲಮೆಂಟಿನ ಅಡಿಗೆ ಉಗುರಿಗಿಂತ ಚಿಕ್ಕದಾದ ಒಂದು ಲೋಹದ ಬಟ್ಟಲು. ಕೆಳಕ್ಕೆ ಹೋಗುವ ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ತಾಕಿದರೆ ಅಲ್ಲಿಂದ ಮೇಲಕ್ಕೆ ಚಿಮ್ಮುತ್ತದೆ; ಅದನ್ನು ಹುಟ್ಟುವಲ್ಲೇ ತಡೆಯುವುದು ಈ ಬಟ್ಟಲಿನ ಕೆಲಸ. ಅದರ ಒಂದು ಅಂಚನ್ನು 15 ಡಿಗ್ರಿ ಓರೆ ಮಾಡಿರುವುದರಿಂದಲೇ ಗೋಡೆಯ ಮೇಲಿನ ಗೆರೆ ಎಡಕ್ಕೆ ಏರುವುದು. ಫಿಲಮೆಂಟ್ ಎಲ್ಲಿರಬೇಕೆಂಬ ಲೆಕ್ಕ ಮಿಲಿಮೀಟರಿಗೂ ಕಡಿಮೆ ಅಳತೆಯದು. ಈಗ ಬದಲಿಗೆ ಬರುವ ಎಲ್‌ಇಡಿ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ: ಒಂದು ಲೋಹದ ಪಟ್ಟಿ, ಅದರ ಎರಡು ಮುಖಗಳಿಗೆ ಅಂಟಿಸಿದ ಚಿಪ್‌ಗಳು, ಹಿಂದೆ ಬಿಸಿ ಹೊರಹಾಕಲು ಒಂದು ಫ್ಯಾನು. ಫಿಲಮೆಂಟ್ ಸುತ್ತಲೂ ಸಮನಾಗಿ ಬೆಳಕು ಚೆಲ್ಲುತ್ತಿದ್ದರೆ ಇದು ಎರಡು ಪಕ್ಕಕ್ಕೆ ಮಾತ್ರ ಚೆಲ್ಲುತ್ತದೆ. ಪಟ್ಟಿಯ ದಪ್ಪದಷ್ಟು ಬೆಳಕಿನ ಮೂಲವೇ ತನ್ನ ಜಾಗದಿಂದ ಆಚೀಚೆ ಸರಿದಿರುತ್ತದೆ. ರಿಫ್ಲೆಕ್ಟರಿಗೆ ಅದು ತಿಳಿಯುವುದಿಲ್ಲ. ಬಂದ ಬೆಳಕನ್ನು ಸಿಕ್ಕಿದ ಕಡೆಗೆ ಎರಚುತ್ತದೆ. ಗೆರೆ ಅಳಿಸಿಹೋಗಿ ಇಡೀ ಗೋಡೆ ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ಗಿರಾಕಿ ಮೆಚ್ಚುವುದು ಇದನ್ನೇ. ಆ ಗೋಡೆಯ ಮೇಲರ್ಧಕ್ಕೆ ಬಿದ್ದ ಬೆಳಕೆಲ್ಲ ನಾಳೆ ರಸ್ತೆಯಲ್ಲಿ ಯಾರದೋ ಮುಖಕ್ಕೆ ಬೀಳುವ ಬೆಳಕು.

ಡಬ್ಬಿಯ ಮೇಲೆ ‘20,000 ಲುಮೆನ್’ ಎಂದು ಅಚ್ಚುಹಾಕಿರುವುದನ್ನು ನೀವೂ ನೋಡಿರಬಹುದು. ಎಚ್4 ಲೋ ಬೀಮಿನ ಬೆಳಕು ಸುಮಾರು 1,000 ಲುಮೆನ್. 60 ವ್ಯಾಟಿನಲ್ಲಿ 20,000 ಬರಬೇಕಾದರೆ ವ್ಯಾಟಿಗೆ 333 ಆಯಿತು. ಒಳ್ಳೆಯ ಬಿಳಿ ಎಲ್‌ಇಡಿಗೆ 200 ದಾಟುವುದೇ ಕಷ್ಟ. ಇಂಥ ಡಬ್ಬಿಗಳ ಜೊತೆ ವಾದ ಬೇಡ.

ವಾದ ಬೇಕಾಗಿರುವುದು ರಾತ್ರಿ ತುಮಕೂರು ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಕಾರು ಓಡಿಸಿ ಬಳಲಿದವರ ಜೊತೆ. ಅವರ ಅಹವಾಲು ಸುಳ್ಳಲ್ಲ. ಬಣ್ಣ ಬಳಿಯದ ಹಂಪು, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್, ಕಪ್ಪು ಕಂಬಳಿ ಹೊದ್ದು ರಸ್ತೆ ದಾಟುವವರು, ಎಲ್ಲವೂ ಹ್ಯಾಲೋಜನ್ನಿನ ಮಂಕು ಬೆಳಕಿನಲ್ಲಿ ಕಾಣಬೇಕು. ಕಾರು ಕಂಪನಿಗಳು ಒಂದೇ ಮಾದರಿಯ ಕಾರಿನಲ್ಲಿ ದುಬಾರಿ ವೇರಿಯಂಟಿಗೆ ಸೊಗಸಾದ ಪ್ರೊಜೆಕ್ಟರ್ ಎಲ್‌ಇಡಿ ಕೊಟ್ಟು, ಅಗ್ಗದ್ದಕ್ಕೆ ಹ್ಯಾಲೋಜನ್ ಹಚ್ಚಿ ಕಳಿಸುತ್ತವೆ. ರಾತ್ರಿ ಕಣ್ಣು ಕಾಣುವುದನ್ನು ಐಷಾರಾಮದ ಪಟ್ಟಿಗೆ ಸೇರಿಸಿದ್ದು ಅನ್ಯಾಯ, ಮತ್ತು ಆ ಅನ್ಯಾಯಕ್ಕೆ ಗುರಿಯಾದವನು ಸಾವಿರಾರು ರೂಪಾಯಿ ಕೊಟ್ಟು ಬಲ್ಬ್ ಬದಲಿಸಲು ಹೊರಟರೆ ಅವನನ್ನು ದುರಹಂಕಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅರವತ್ತು ದಾಟಿದವರ ಮಾತನ್ನಂತೂ ಇನ್ನೂ ಗೌರವದಿಂದ ಕೇಳಬೇಕು. ಇಪ್ಪತ್ತರ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ತಲುಪುವುದು ಸುಮಾರು ಮೂರನೆಯ ಒಂದು ಪಾಲು. ಅವರಿಗೆ ಹೆಚ್ಚು ಬೆಳಕು ಬೇಕೇ ಬೇಕು.

ಆದರೆ ಅದೇ ಅರವತ್ತರ ಕಣ್ಣಿಗೆ ಎದುರಿನ ಝಳಪು ತಾಕಿದಾಗ ಆಗುವುದೇನು? ವಯಸ್ಸಾದ ಮಸೂರದಲ್ಲಿ ಬೆಳಕು ಚದುರಿ ಇಡೀ ನೋಟದ ಮೇಲೆ ಬಿಳಿ ಮಂಜು ಕವಿಯುತ್ತದೆ. ಪೊರೆ ಶುರುವಾಗಿದ್ದರೆ ಇನ್ನೂ ಹೆಚ್ಚು. ಕಾರು ದಾಟಿಹೋದ ಮೇಲೂ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಹಲವು ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಂದರೆ ತಮ್ಮ ಕಣ್ಣಿಗೆಂದು ಹಿರಿಯರೊಬ್ಬರು ಹಾಕಿಸಿಕೊಂಡ ಬಲ್ಬ್, ಎದುರಿನ ಕಾರಿನಲ್ಲಿರುವ ಇನ್ನೊಬ್ಬ ಹಿರಿಯರನ್ನು ಐವತ್ತು ಮೀಟರಿನಷ್ಟು ದೂರ ಕುರುಡಾಗಿ ಓಡಿಸುತ್ತದೆ. ಮಳೆಗಾಲದಲ್ಲಿ ಬಲ್ಬಿನ ಒಡೆಯರಿಗೂ ಲಾಭವಿಲ್ಲ. ನೆನೆದ ಡಾಂಬರು ಬೆಳಕನ್ನು ಅವರತ್ತ ಹಿಂದಿರುಗಿಸುವುದಿಲ್ಲ, ಮುಂದಕ್ಕೆ, ಎದುರು ಬರುವವರ ಕಡೆಗೆ ಜಾರಿಸಿಬಿಡುತ್ತದೆ. ಒಣ ರಸ್ತೆಯಲ್ಲೂ ಬಾನೆಟ್ಟಿನ ಮುಂದಿನ ನೆಲ ತೀರ ಬೆಳ್ಳಗಾದರೆ ಪಾಪೆ ಕಿರಿದಾಗಿ ದೂರದ್ದು ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಹಾಗಾದರೆ ಮಂಕು ದೀಪಕ್ಕೆ ಪರಿಹಾರವೇ ಇಲ್ಲವೇ? ಇದೆ, ಅದೇ ಜೆ.ಸಿ. ರಸ್ತೆಯಲ್ಲೇ ಇದೆ. ಹಳೆಯ ಕಾರಿನ ಬೆಳಕು ಕುಗ್ಗಿರುವುದು ಎಷ್ಟೋ ಸಲ ಬಲ್ಬಿನಿಂದಲ್ಲ. ಬಿಸಿಲಿಗೆ ಹಳದಿಗಟ್ಟಿದ ಪ್ಲಾಸ್ಟಿಕ್ ಮುಚ್ಚಳವನ್ನು ಪಾಲಿಶ್ ಮಾಡಿಸಿದರೆ ದೀಪ ಬಹುಮಟ್ಟಿಗೆ ಹೊಸದರ ಹಾಗಾಗುತ್ತದೆ. ಹ್ಯಾಲೋಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕುಸಿಯುತ್ತದೆ. ಸಣ್ಣ ತಂತಿಯಲ್ಲಿ, ಸವೆದ ಸ್ವಿಚ್ಚಿನಲ್ಲಿ ಈ ನಷ್ಟ ಆಗುತ್ತಿರುತ್ತದೆ. ರಿಲೇ ಇರುವ ವೈರಿಂಗ್ ಹಾಕಿಸಿದರೆ ಅದೇ ಬಲ್ಬ್ ಬೇರೆಯದೇ ಆಗುತ್ತದೆ. ಸ್ಟಿಯರಿಂಗ್ ಪಕ್ಕದಲ್ಲಿ ಸೊನ್ನೆಯಿಂದ ಮೂರರವರೆಗೆ ತಿರುಗುವ ಪುಟ್ಟ ಚಕ್ರವೊಂದಿರುತ್ತದೆ. ಹಿಂದಿನ ಸೀಟು ತುಂಬಿ ಡಿಕ್ಕಿಯಲ್ಲಿ ಸಾಮಾನಿದ್ದಾಗ ಕಾರಿನ ಮೂತಿ ಮೇಲೇಳುತ್ತದೆ, ಆಗ ದೀಪವನ್ನು ತಗ್ಗಿಸಲು ಅದು. ಅದನ್ನು ಮುಟ್ಟಿಯೇ ನೋಡದೆ ಕಾರು ಮಾರಿದವರು ನಮ್ಮಲ್ಲಿ ಬಹಳ ಮಂದಿ.

ಎಲ್‌ಇಡಿಯೇ ಬೇಕು ಎನ್ನುವವರಿಗೂ ಸರಿದಾರಿಯೊಂದಿದೆ, ಅದನ್ನು ಜರ್ಮನಿ ತೋರಿಸಿದೆ. 2020ರಲ್ಲಿ ಅಲ್ಲಿನ ವಾಹನ ಪ್ರಾಧಿಕಾರ ಓಸ್ರಾಮ್ ಕಂಪನಿಯ ಎಲ್‌ಇಡಿ ಬಲ್ಬೊಂದಕ್ಕೆ ಅನುಮತಿ ಕೊಟ್ಟಿತು. ಎಲ್ಲ ಕಾರಿಗೂ ಅಲ್ಲ. ಯಾವ ಕಾರಿನ ಯಾವ ದೀಪದೊಳಗೆ ಆ ಬಲ್ಬ್ ಇಟ್ಟರೆ ಗೆರೆ ಉಳಿಯುತ್ತದೆಂದು ಪರೀಕ್ಷೆಯಲ್ಲಿ ಕಂಡಿತೋ ಆ ಕಾರುಗಳಿಗೆ ಮಾತ್ರ. ನನ್ನ ವಿರೋಧ ಎಲ್‌ಇಡಿ ಎಂಬ ವಸ್ತುವಿಗಲ್ಲ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ದೀಪ ಲೋ ಬೀಮಿನಲ್ಲಿ ಗೆರೆಯನ್ನು ಚೆನ್ನಾಗಿಯೇ ಕಾಪಾಡುತ್ತದೆ. ಊರೊಳಗೂ ಹೈ ಬೀಮ್ ಹಾಕಿಕೊಂಡೇ ಓಡಿಸುವವರ ರೋಗ ಬೇರೆ, ಅದಕ್ಕೆ ಯಾವ ಬಲ್ಬೂ ಕಾರಣವಲ್ಲ.

ನಮ್ಮ ಕಾನೂನಿನಲ್ಲೂ ಈ ಗೆರೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು ಎನ್ನುತ್ತದೆ. ಒಂದೂವರೆ ಮೀಟರ್ ಎಂದರೆ ಸಾಧಾರಣ ಎತ್ತರದ ಮನುಷ್ಯ ನಿಂತಾಗ ಅವನ ಕಣ್ಣಿನ ಮಟ್ಟ. ನಿಯಮ ಬರೆದವರ ಮನಸ್ಸಿನಲ್ಲಿ ನಡೆಯುವವನೂ ಇದ್ದ ಎಂದು ಅದನ್ನು ಓದಿದಾಗ ನನಗೆ ಅನ್ನಿಸಿತು.

ಆ ನಡೆಯುವವನನ್ನು ಹುಡುಕಲು ಬಸವನಗುಡಿಗಿಂತ, ಮಲ್ಲೇಶ್ವರಕ್ಕಿಂತ ಒಳ್ಳೆಯ ಜಾಗ ಈ ನಗರದಲ್ಲಿಲ್ಲ. ಚಾಮರಾಜಪೇಟೆಯೂ ಸೇರಿ ಈ ಮೂರೂ 1898ರ ಪ್ಲೇಗಿನ ಹಿಂದುಮುಂದಿನ ಬಡಾವಣೆಗಳು. ಜಟಕಾ, ಎತ್ತಿನಗಾಡಿಗಳ ಕಾಲದ ಅಳತೆಗೆ ಎಳೆದ ಅಡ್ಡರಸ್ತೆಗಳು, ನೇರ ಮೂಲೆಗಳು. ಕ್ರಾಸಿನಲ್ಲಿ ಕಾರು ತಿರುಗಿದರೆ ಬೆಳಕು ಎದುರು ಮನೆಯ ಜಗಲಿಯನ್ನು ಸವರಿಕೊಂಡೇ ಹೋಗಬೇಕು. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಮೂತಿ ಎತ್ತಿದ ಪ್ರತಿ ಕಾರಿನ ಬೆಳಕೂ ಮೇಲಿನಿಂದ ಇಳಿದು ಬರುವವರ ಮುಖಕ್ಕೆ. ಸಂಜೆ ಏಳರ ಮೇಲೆ ಗಾಂಧಿ ಬಜಾರಿನಲ್ಲಿ ಹೂವು ಕೊಂಡು ರಸ್ತೆ ದಾಟಲು ನಿಂತ ಅಜ್ಜಿಯನ್ನು ಗಮನಿಸಿ. ಮೊದಲು ಆಕೆ ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿಯುತ್ತಾರೆ. ಆಮೇಲೆ ಮುಖ ತಿರುಗಿಸುತ್ತಾರೆ. ಬರುತ್ತಿರುವ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ, ಅದರ ಪಕ್ಕದಲ್ಲೇ ಸ್ಕೂಟರೊಂದು ಇದೆಯೇ, ಏನೂ ಕಾಣುವುದಿಲ್ಲ. ಕಾಣುವುದು ಎರಡು ಬಿಳಿ ಬೆಂಕಿ. ಕೊನೆಗೆ ದಾಟುವುದನ್ನೇ ಬಿಟ್ಟು ನಿಂತುಬಿಡುತ್ತಾರೆ, ಯಾರಾದರೂ ಕೈ ಹಿಡಿಯಲಿ ಎಂದು. ತಾನು ಹುಟ್ಟಿ ಬೆಳೆದ ಬೀದಿಯಲ್ಲಿ ಒಬ್ಬ ಹೆಂಗಸಿಗೆ ಇಂಥ ಅಸಹಾಯಕತೆ ತಂದಿಡುವ ಹಕ್ಕನ್ನು ಯಾವ ಕಾರಿನ ಒಡೆಯನಿಗೂ ಯಾರೂ ಕೊಟ್ಟಿಲ್ಲ. ಗೀರುಬಿದ್ದ ಹೆಲ್ಮೆಟ್ ಗಾಜಿನೊಳಗಿಂದ ನೋಡುವ ಡೆಲಿವರಿ ಹುಡುಗನ ಪಾಡೂ ಇದೇ, ಅವನಿಗೆ ನಿಂತುಬಿಡುವ ಅವಕಾಶವೂ ಇಲ್ಲ.

ಬೆಂಗಳೂರಿಗೆ ಬೆಳಕು ಬಂದ ರೀತಿಯೇ ಬೇರೆಯಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಅದು ಬೆಂಗಳೂರಿಗೆ ಬಂದು ಈಗಿನ ಕೆ.ಆರ್. ಮಾರುಕಟ್ಟೆಯ ಬಳಿ ಬೀದಿದೀಪವಾಗಿ ಉರಿಯಿತು. ದೇಶದಲ್ಲಿ ಬಹು ಮುಂಚೆಯೇ ವಿದ್ಯುತ್ತಿನ ಬೀದಿದೀಪ ಕಂಡ ಊರುಗಳಲ್ಲಿ ಇದೂ ಒಂದು. ಬೀದಿದೀಪ ಎತ್ತರದಲ್ಲಿದ್ದು ಕೆಳಕ್ಕೆ ಬೆಳಕು ಚೆಲ್ಲುತ್ತದೆ. ಅದರಡಿ ನಡೆಯುವವನು, ಗಾಡಿಯವನು, ತರಕಾರಿ ಮಾರುವವಳು ಎಲ್ಲರೂ ಒಬ್ಬರಿಗೊಬ್ಬರು ಕಾಣುತ್ತಾರೆ. ಯಾರ ಬೆಳಕೂ ಯಾರ ಮೇಲೂ ಎರಗುವುದಿಲ್ಲ. ನೂರು ವರ್ಷಕ್ಕೂ ಮೇಲೆ ನಾವು ಬಂದು ನಿಂತಿರುವ ಸ್ಥಿತಿ ನೋಡಿ: ಮರದ ಕೊಂಬೆಗಳ ನಡುವೆ ಬೀದಿದೀಪ ಹೂತುಹೋಗಿದೆ, ಕೆಟ್ಟದ್ದನ್ನು ಸರಿಮಾಡುವವರಿಲ್ಲ, ಆದ್ದರಿಂದ ಪ್ರತಿಯೊಬ್ಬನೂ ತನ್ನ ಬೆಳಕನ್ನು ತಾನು ಕೊಂಡು ಹೊತ್ತು ತಿರುಗುತ್ತಿದ್ದಾನೆ. ಇದು ನಲ್ಲಿ ನೀರು ಬಾರದಿದ್ದಾಗ ಮನೆಮನೆಗೂ ಬೋರ್‌ವೆಲ್ ಕೊರೆಸಿದ ಕತೆಯೇ. ಪಕ್ಕದ ಮನೆಯವನು ಇನ್ನೂರು ಅಡಿ ಹೋದರೆ ನಾವು ನಾನೂರು, ಕೊನೆಗೆ ಯಾರ ಬೋರಿನಲ್ಲೂ ನೀರಿಲ್ಲ. ‘ಎಲ್ಲರೂ ಹಾಕಿಸ್ತಿದಾರೆ’ ಎಂಬ ಮಾತನ್ನು ಕಾಯಿಲೆ ಎಂದದ್ದು ಇದಕ್ಕೆ. ಎಲ್ಲರೂ ಹಾಕಿಸಿದ ದಿನ ಎಲ್ಲರ ಪಾಪೆಯೂ ಕಿರಿದಾಗಿರುತ್ತದೆ, ಮೊದಲು ಹ್ಯಾಲೋಜನ್ ಬೆಳಕಿನಲ್ಲಿ ಕಂಡಷ್ಟೂ ಯಾರಿಗೂ ಕಾಣುವುದಿಲ್ಲ.

2024ರ ಜುಲೈ 1ರಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೆಯ ಸೆಕ್ಷನ್ ಅಡಿ ಕೇಸು ಹಾಕಲು ಶುರು ಮಾಡಿದರು. ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇನೆ. ಆದರೆ ಸಿಗ್ನಲ್ಲಿನಲ್ಲಿ ನಿಂತ ಕಾನ್‌ಸ್ಟೇಬಲ್, ಕಂಪನಿಯೇ ಕೊಟ್ಟ ಎಲ್‌ಇಡಿ ಯಾವುದು, ಅಂಗಡಿಯಲ್ಲಿ ತುರುಕಿಸಿದ್ದು ಯಾವುದು ಎಂದು ಬರಿಗಣ್ಣಿನಲ್ಲಿ ಹೇಗೆ ತೀರ್ಮಾನಿಸಬೇಕು? ಹಾಕಿಸಿಕೊಂಡವನಿಗೆ ದಂಡ ಬೀಳುತ್ತದೆ, ಮಾರಿದವನ ಅಂಗಡಿ ಮರುದಿನವೂ ತೆರೆದಿರುತ್ತದೆ. ಸರ್ಕಾರ ಮೊದಲು ಮುಟ್ಟಬೇಕಾದದ್ದು ಮಾರಾಟವನ್ನು: ಯಾವ ಕಾರಿನ ದೀಪಕ್ಕೆ ಪರೀಕ್ಷೆಯಾಗಿದೆಯೆಂದು ಬರೆಯದ ಬಲ್ಬನ್ನು ಮಾರುವಂತಿಲ್ಲ ಎಂಬ ನಿಯಮ ಬೇಕು.

ಕಾರಿನ ದೀಪಗಳನ್ನು ಅಳೆದು ನೋಡಲು ಹೊಸ ಕಚೇರಿ ಕಟ್ಟಬೇಕಾಗಿಲ್ಲ. ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ಎಮಿಷನ್ ಟೆಸ್ಟ್ ಕೇಂದ್ರಗಳಿವೆ; ಹೊಗೆ ಬಿಡುವ ಕಾರುಗಳು ಅಲ್ಲಿಗೆ ನಿಯಮಿತವಾಗಿ ಹೋಗಲೇಬೇಕು. ಹೆಡ್‌ಲೈಟಿನ ಮುಂದೆ ತಳ್ಳಿ ನಿಲ್ಲಿಸುವ, ಒಳಗೆ ಮಸೂರವೂ ಪರದೆಯೂ ಇರುವ ಪರೀಕ್ಷಾ ಪೆಟ್ಟಿಗೆಯೊಂದನ್ನು ಅಲ್ಲೇ ಇಟ್ಟರೆ, ಹೊಗೆಕೊಳವೆಗೆ ನಳಿಗೆ ಸಿಕ್ಕಿಸಿದ ಹೊತ್ತಿನಲ್ಲೇ ಮುಂದೆ ಬೆಳಕಿನ ಗೆರೆಯನ್ನೂ ನೋಡಿ ಮುಗಿಸಬಹುದು. ಗೆರೆ ಇಲ್ಲದ ಕಾರಿಗೆ ಸರ್ಟಿಫಿಕೇಟ್ ಕೊಡಬಾರದು.