ಗೊಣಗಾಟ ಬಿಡಿ, ಋತುಗಳನ್ನು ನೋಡಿ

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂದರು ನಮ್ಮ ಹಿರಿಯರು. ನಗರವಾಸಿಗಳಾದ ನಾವಾದರೋ ಬೇಸಿಗೆಯಲ್ಲಿ ಬಿಸಿಲನ್ನು, ಮಳೆಗಾಲದಲ್ಲಿ ಮಳೆಯನ್ನು, ಮಾಗಿಯಲ್ಲಿ ಚಳಿಯನ್ನು ಬಯ್ಯುತ್ತಲೇ ವರ್ಷ ಕಳೆಯುತ್ತೇವೆ. ಈ ಅಭ್ಯಾಸ ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದಲ್ಲ.

2024ರ ಬೇಸಿಗೆಯನ್ನೇ ನೆನಪಿಸಿಕೊಳ್ಳಿ. ಏಪ್ರಿಲ್ ತಿಂಗಳಿಡೀ ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲಿ ಮಳೆಯೇ ದಾಖಲಾಗಲಿಲ್ಲ. ತಿಂಗಳ ಕೊನೆಗೆ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದರು. ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆಯನ್ನು ಮುರಿಯಿತು. ಮರಗಳು ಉರುಳಿದವು, ರಸ್ತೆಗಳು ಹೊಳೆಯಾದವು ನಿಜ. ಆದರೆ ಏಪ್ರಿಲ್‌ನಲ್ಲಿ ಆಕಾಶ ನೋಡಿದ ನಮ್ಮಲ್ಲಿ ಎಷ್ಟು ಮಂದಿ ಜೂನ್‌ನಲ್ಲಿ ಆ ನೀರಿಗಾಗಿ ಸಂತೋಷಪಟ್ಟೆವು?

ಕೃತಜ್ಞತೆ ಕೇವಲ ನೀತಿಪಾಠವಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಎಮನ್ಸ್ ಮತ್ತು ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲವು ವಿದ್ಯಾರ್ಥಿಗಳು ಹತ್ತು ವಾರ ಕಾಲ ವಾರಕ್ಕೊಮ್ಮೆ ತಮಗೆ ದೊರೆತ ಒಳಿತುಗಳನ್ನು ಬರೆದಿಟ್ಟರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು. ಒಳಿತನ್ನು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆಯಿತ್ತು.

ಇದನ್ನು ಮನೆಯಲ್ಲೇ ಮಾಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಂದು ಸಾಲು ಬರೆದರೆ ಸಾಕು. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯವರಿಗೆ ವಿಷಯಕ್ಕೇನು ಕೊರತೆ? ಡಿಸೆಂಬರಿನಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆಕಾಯಿ, ಯುಗಾದಿ ಹೊತ್ತಿಗೆ ಹೊಂಗೆಯ ಚಿಗುರು, ಮೇ ತಿಂಗಳ ಗುಲ್‌ಮೊಹರ್, ಮೊದಲ ಮಳೆಯ ಮಣ್ಣಿನ ವಾಸನೆ. ಮಕ್ಕಳ ಕೈಯಲ್ಲೇ ಬರೆಸಿ. ಹೊರಗೆ ಹೋಗಲಾಗದ ಅಜ್ಜ ಅಜ್ಜಿಯರ ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸಿ. ಮರುವರ್ಷ ಆ ಸಾಲುಗಳನ್ನು ಓದಿದಾಗ, ಹೋದದ್ದು ಮತ್ತೆ ಬಂದಿತೆಂಬುದು ತಾನೇ ತಿಳಿಯುತ್ತದೆ.

ಒಂದು ಎಚ್ಚರಿಕೆಯ ಮಾತು. ಯುಗಾದಿಯ ದಿನ ಬೆಲ್ಲದೊಡನೆ ಬೇವನ್ನೂ ತಿನ್ನುತ್ತೇವೆ; ಕಹಿ ಇಲ್ಲವೆಂದು ಯಾರೂ ನಟಿಸುವುದಿಲ್ಲ. ಚರಂಡಿ ಕಟ್ಟಿಕೊಂಡರೆ ದೂರು ಕೊಡಲೇಬೇಕು. ಹಾಗೆಯೇ ಮನೆಯಲ್ಲಿ ಮಂಕಾಗಿ ಕುಳಿತ ಮಗಳಿಗೋ ಸೊಸೆಗೋ ‘ನಿನಗೇನು ಕಡಿಮೆಯಾಗಿದೆ?’ ಎಂದು ಕೇಳುವುದು ಉಪದೇಶವಲ್ಲ, ಗಾಯದ ಮೇಲೆ ಬರೆ. ಕೃತಜ್ಞತೆಯನ್ನು ನಾವು ರೂಢಿಸಿಕೊಳ್ಳಬಹುದೇ ಹೊರತು ಇನ್ನೊಬ್ಬರ ಮೇಲೆ ಹೇರಬಾರದು. ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮೀರಿದರೆ ‘ಹವೆಯ ದೋಷ’ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಆತ್ಮಹತ್ಯೆಯ ಮಾತು ಬಂದರೆ ಎರಡು ವಾರ ಕಾಯಬೇಡಿ. ಅಂದೇ ನೆರವು ಪಡೆಯಿರಿ.

ಉಳಿದವರು ಮುಂದಿನ ಮಳೆಗೆ ಮುನ್ನ ತಾರಸಿಯ ಕೊಳವೆ ತೊಳೆದಿಡಿ, ಮನೆಯ ಮುಂದೆ ಒಂದು ಹೊಂಗೆಯ ಸಸಿ ನೆಡಿ. ಭರವಸೆಗೆ ಕೈಕೆಲಸವೂ ಬೇಕು.