ಟೀವಿಗೆ ಡಬ್ಬ, ಗೊಂಬೆಗೆ ಗೋಣಿಚೀಲವಾ?

ಹೋದ ವಾರ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆ. ಮನೆ ಖಾಲಿ ಮಾಡೋ ಮಾತು ಬಂತು. ಪಕ್ಕದ ಎಲೇಲಿದ್ದ ನೆಂಟರೊಬ್ರು, "ಗೊಂಬೆ ತಾನೆ, ಒಂದು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ರಾಯ್ತು. ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೋತಾರೋ!" ಅಂದ್ರು. ನನ್ ಕೈಲಿದ್ದ ಹೋಳಿಗೆ ಕೈಲೇ ಉಳೀತು. ಇನ್ನೊಬ್ರ ಮನೆ ಶುಭಕಾರ್ಯ, ಜಗಳ ಆಡೋ ಜಾಗ ಅಲ್ಲ ಅಂತ ಸುಮ್ನಾದೆ. ಇಲ್ಲಿ ಸುಮ್ನಿರಲ್ಲ.

ನಾನು ಹೇಳ್ತಿರೋದು ದಸರಾಕ್ಕೆ ಕೂರಿಸೋ ಗೊಂಬೆಗಳ ಮಾತು. ಮದುವೇಲಿ ತೌರಿಂದ ಕೊಟ್ಟ ಪಟ್ಟದ ಗೊಂಬೆ ಜೋಡಿ, ಅತ್ತೆ ವರ್ಷಕ್ಕೊಂದು ಎರಡು ಅಂತ ಸೇರಿಸಿದ ಮಣ್ಣಿನ ದಶಾವತಾರ, ಚನ್ನಪಟ್ಟಣದ ಮರದ ಸೆಟ್ಟು, ಮಕ್ಕಳ ಪಾರ್ಕು, ಪ್ರಾಣಿಗಳು, ಎಲ್ಲಾ. ಮನೆ ಬದಲಾಯಿಸೋವಾಗ ಇವು ಯಾಕೆ ಒಡೀತವೆ? ಕೇಳಿದ್ರೆ ಎಲ್ರೂ ಒಂದೇ ಉತ್ತರ ಕೊಡ್ತಾರೆ: ರಸ್ತೆ ಸರಿಯಿಲ್ಲ, ಹಂಪು ಜಾಸ್ತಿ, ಲೋಡಿಂಗ್ ಹುಡುಗ್ರು ಎತ್ತಿ ಹಾಕಿದ್ರು. ಸುಳ್ಳು ಕಣ್ರೇ. ಗೊಂಬೆ ಒಡೆಯೋದು ರಸ್ತೇಲಲ್ಲ, ಮನೇಲಿ. ಲಾರಿ ಬರೋ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ, ಉಳಿದಿರೋ ಡಬ್ಬಕ್ಕೆ ಉಳಿದಿರೋ ಪೇಪರ್ ತುರುಕಿ ಟೇಪ್ ಸುತ್ತೋವಾಗ್ಲೇ ಅವು ಒಡೆದು ಹೋಗಿರ್ತವೆ. ಸದ್ದು ಮಾತ್ರ ಆಮೇಲೆ ಕೇಳ್ಸುತ್ತೆ.

ನಮ್ಮನೇದೇ ಹೇಳ್ತೀನಿ. ಗುಬ್ಬಿ ಮನೆ ಬಿಟ್ಟು ತುಮಕೂರಿಗೆ ಬಂದ್ವಲ್ಲ, ಹೆಚ್ಚು ಅಂದ್ರೆ ಇಪ್ಪತ್ತು ಕಿಲೋಮೀಟ್ರು. ಟೀವಿ ತಗೊಂಡಾಗ ಬಂದಿದ್ದ ಡಬ್ಬ, ಅದರೊಳಗಿನ ಥರ್ಮೊಕೋಲು, ಆರು ವರ್ಷದಿಂದ ಅಟ್ಟದ ಮೇಲೆ ಜೋಪಾನವಾಗಿತ್ತು. "ಮುಟ್ಟಬೇಡಿ, ಮನೆ ಬದಲಾಯಿಸೋವಾಗ ಬೇಕು" ಅಂತ ಯಜಮಾನ್ರ ಕಟ್ಟಪ್ಪಣೆ. ಟೀವಿ ರಾಜನ ಹಾಗೆ ತನ್ನ ಪಲ್ಲಕ್ಕೀಲಿ ಬಂತು. ನಲವತ್ತೊಂದು ವರ್ಷದಿಂದ ಸೇರಿಸಿದ್ದ ಗೊಂಬೆಗಳಿಗೆ ಸಿಕ್ಕಿದ್ದು ಬಿಸ್ಕತ್ತಿನ ಎರಡು ರಟ್ಟಿನ ಡಬ್ಬ, ಒಂದು ಗೋಣಿಚೀಲ. ಕಟ್ಟಿದ್ದು ಯಾರು? ನಾನೇ. ಯಾವಾಗ? ಕೊನೇ ರಾತ್ರಿ. ಪಾತ್ರೆ, ಬಟ್ಟೆ, ಪುಸ್ತಕ, ಉಪ್ಪಿನಕಾಯಿ ಜಾಡಿ ಎಲ್ಲಾ ಆದ್ಮೇಲೆ.

ಬಿಚ್ಚಿದಾಗ ಸರಸ್ವತಿ ವೀಣೆ ಎರಡು ತುಂಡಾಗಿತ್ತು. ವಾಮನನ ಛತ್ರಿ ಮುರಿದಿತ್ತು. ಅಂಗಡಿ ಶೆಟ್ಟರ ಪಕ್ಕ ಕೂರೋ ಶೆಟ್ಟಮ್ಮನ ಕುತ್ತಿಗೇನೇ ಹೋಗಿತ್ತು. ನಮ್ಮತ್ತೆ ಒಂದು ಮಾತೂ ಬೈಲಿಲ್ಲ. ಆ ವರ್ಷ ಮೂರನೇ ಮೆಟ್ಲಲ್ಲಿ ಶೆಟ್ಟರೊಬ್ರನ್ನೇ ಕೂರಿಸಿದ್ರು, ಮುಂದೆ ಅಕ್ಕಿ, ಬೇಳೆ, ತಕ್ಕಡಿ ಎಲ್ಲಾ ಇಟ್ಟು. ಗೊಂಬೆ ಬಾಗಿನಕ್ಕೆ ಬಂದ ಮಕ್ಕಳು "ಅಜ್ಜಿ, ಶೆಟ್ಟಮ್ಮ ಎಲ್ಲಿ?" ಅಂದ್ರು. "ತೌರಿಗೆ ಹೋಗಿದಾಳೆ ಕಣಪ್ಪ" ಅಂದ್ರು ಅತ್ತೆ. ನಾನು ಅಡಿಗೆಮನೇಲಿದ್ದೆ. ಆಚೆಗೆ ಬರೋಕೆ ಮುಖ ಇರ್ಲಿಲ್ಲ.

ಈಗ ಕುಣಿಗಲ್ ಚಿಕ್ಕಮ್ಮನ್ನ ನೋಡಿ. ಅವರು ತುಮಕೂರಿಗೆ ಬಂದಿದ್ದು ನಮ್ಮ ಹೆಚ್ಚೂಕಮ್ಮಿ ಎರಡರಷ್ಟು ದೂರದಿಂದ. ಅವ್ರಿಗೂ ಅದೇ ಥರದ ಲಗೇಜ್ ಗಾಡಿ, ಅದೇ ಥರದ ಹುಡುಗ್ರು, ದಾರಿ ತುಂಬಾ ಅದೇ ಹಂಪುಗಳು. ಒಂದೇ ಒಂದು ಗೊಂಬೆಯ ಬೆರಳೂ ಮುರೀಲಿಲ್ಲ. ಯಾಕಂದ್ರೆ ಅವರು ಮೊಟ್ಟಮೊದಲು ಕಟ್ಟಿದ್ದೇ ಗೊಂಬೇನ, ಹದಿನೈದು ದಿನ ಮುಂಚೆ. ರಸ್ತೆ ದೂರ ಜಾಸ್ತಿ ಇದ್ದೋರದ್ದು ಉಳೀತು, ಕಮ್ಮಿ ಇದ್ದ ನಮ್ಮದು ಒಡೀತು. ಇನ್ನು ರಸ್ತೆ ಮೇಲೆ ಹೊರಿಸೋದು ಬೇಡ.

"ಆಟದ ಸಾಮಾನು" ಅಂತಾರಲ್ಲ, ಆ ಮಾತೇ ನನಗೆ ಆಗಲ್ಲ. ಗುಬ್ಬಿಯೋರ ಮುಂದೆ ಆ ಮಾತು ಆಡಬಾರದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಊರಿಂದೂರಿಗೆ ಕ್ಯಾಂಪ್ ಹಾಕ್ತಾ ಪರದೆ, ಕಿರೀಟ, ಗದೆ, ಸಿಂಹಾಸನ ಎಲ್ಲಾ ಹೊತ್ಕೊಂಡು ತಿರುಗ್ತು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆನೇ ರಂಗಕ್ಕೆ ತಂದೋರು. ಅವೂ ಆಟದ ಸಾಮಾನೇ ತಾನೆ? ಅದರ ಮೇಲೆ ಹೊಟ್ಟೆಪಾಡು ನಿಂತಿತ್ತು, ಅದಕ್ಕೆ ಲೆಕ್ಕ ಇತ್ತು. ನಮ್ಮ ಗೊಂಬೆ ಮೇಲೆ ಯಾರ ಹೊಟ್ಟೆಪಾಡೂ ಇಲ್ಲ, ಬಿಲ್ಲೂ ಇಲ್ಲ, ವಾರಂಟಿ ಕಾರ್ಡೂ ಇಲ್ಲ. ಸಾಗಿಸೋರು ಸಾಮಾನಿನ ಪಟ್ಟಿ ಬರೆಯೋವಾಗ ಫ್ರಿಜ್ಜು ಒಂದು, ವಾಷಿಂಗ್ ಮಷಿನ್ ಒಂದು, ಮಂಚ ಎರಡು ಅಂತ ಬರೀತಾರೆ. ಗೊಂಬೆ ಎಲ್ಲಿ ಬರುತ್ತೆ? ಕೊನೇಲಿ, "ಇತರೆ" ಅನ್ನೋದ್ರಲ್ಲಿ. ಹೆಂಗಸರು ಕೂಡಿಟ್ಟಿದ್ದೆಲ್ಲಾ ಇತರೆ. ಮೊದಲು ಆ ಪಟ್ಟೀಲಿ ಬರೆಸಿ: ಗೊಂಬೆ ಪೆಟ್ಟಿಗೆ ಏಳು, ಒಡೆಯೋ ಸಾಮಾನು. ಬರೆಯೋರು ನಕ್ರೆ ನಗ್ಲಿ.

ಆದ್ರೆ ಗಂಡಸರನ್ನ, ಲೋಡಿಂಗ್ ಹುಡುಗ್ರನ್ನ ಮಾತ್ರ ಬೈದು ಕೂರೋದು ನ್ಯಾಯ ಅಲ್ಲ. ಕೊನೇ ರಾತ್ರಿಗೆ ತಳ್ಳೋದು ನಾವೇ. ಡಬ್ಬದ ಮೇಲೆ ಏನೂ ಬರೆಯದೆ ಕೊಟ್ಟು, "ನಿಧಾನವಾಗಿ ಇಡಪ್ಪ" ಅಂದ್ರೆ ಆ ಹುಡುಗನಿಗೆ ಒಳಗೆ ಪುಸ್ತಕ ಇದೆಯೋ ಪರಶುರಾಮ ಇದಾನೋ ಹೇಗೆ ಗೊತ್ತಾಗ್ಬೇಕು? ನಾಲ್ಕೂ ಕಡೆ ದಪ್ಪಕ್ಷರದಲ್ಲಿ ಬರೀರಿ, ಮೇಲ್ಗಡೆ ಯಾವ್ದು ಅಂತ ಬಾಣ ಹಾಕಿ. ಎಷ್ಟೋ ಕಡೆ ಹುಡುಗ್ರು ಉತ್ತರದ ಕಡೆಯಿಂದ ಬಂದೋರು, ಹಿಂದೀಲೂ ಬರೀರಿ.

ಕಟ್ಟೋದು ಹೇಗೆ ಅಂತಾನೂ ಹೇಳ್ತೀನಿ. ಬರೀ ಬೈದು ಹೋದ್ರೆ ಏನು ಪ್ರಯೋಜನ. ಇದು ಚಿಕ್ಕಮ್ಮನ ಹತ್ರ ಕಲ್ತಿದ್ದು, ಸ್ವಲ್ಪ ಕೈ ಸುಟ್ಕೊಂಡು ಕಲ್ತಿದ್ದು.

ಮಣ್ಣಿನ ಗೊಂಬೆ ಒಳಗೆ ಪೊಳ್ಳು. ಹೊಟ್ಟೆ ಗಟ್ಟಿ, ಕುತ್ತಿಗೆ, ಮಣಿಕಟ್ಟು, ಕೈಲಿರೋ ಕೊಳಲು, ಬಿಲ್ಲು, ವೀಣೆ ಇವು ಸೂಕ್ಷ್ಮ. ನಾವು ಮಾಡೋ ತಪ್ಪು ಏನಂದ್ರೆ ಇಡೀ ಗೊಂಬೆಗೆ ಒಂದೇ ಸಲ ಬಿಗಿಯಾಗಿ ಸುತ್ತಿಬಿಡ್ತೀವಿ. ಆ ಬಿಗಿ ಪೂರ್ತಿ ಚಾಚ್ಕೊಂಡಿರೋ ಕೈ ಮೇಲೇ ಬೀಳುತ್ತೆ. ಮೊದಲು ಕೈಗೂ ಮೈಗೂ ಮಧ್ಯೆ, ಕುತ್ತಿಗೆ ಸುತ್ತ ಇರೋ ಸಂದಿಗೆ ಹತ್ತಿ ಇಲ್ಲಾ ಮೆತ್ತನೆ ಬಟ್ಟೆ ತುಂಬಬೇಕು. ಗೊಂಬೆ ಒಂದು ದಿಂಡಿನ ಥರ ಆಗ್ಬೇಕು. ಆಮೇಲೆ ಸುತ್ತಬೇಕು. ಹಳೇ ಕಾಟನ್ ಸೀರೆ, ಪಂಚೆ ಸಾಕು, ದುಡ್ಡು ಕೊಟ್ಟು ಏನೂ ತರ್ಬೇಕಾಗಿಲ್ಲ. ನ್ಯೂಸ್ ಪೇಪರ್ ಹೊರಗಡೆ ತುಂಬೋಕೆ ಸರಿ, ಗೊಂಬೆ ಮೈಗೆ ತಾಕಬಾರದು. ನಮ್ಮ ಕೃಷ್ಣನ ಬಿಳೀ ಪಂಚೆ ಮೇಲೆ ಪೇಪರಿನ ಮಸಿ ಹತ್ತಿದ್ದು ಇವತ್ತಿಗೂ ಹೋಗಿಲ್ಲ.

ಪೆಟ್ಟಿಗೆ ದೊಡ್ಡದಾದಷ್ಟೂ ಕೇಡು. ದೊಡ್ಡ ಡಬ್ಬ ಕಂಡ್ರೆ ತುಂಬೋ ಆಸೆ, ತುಂಬಿದ್ಮೇಲೆ ಎತ್ತೋಕಾಗಲ್ಲ, ಎತ್ತೋಕಾಗದೇ ಇದ್ದಿದ್ದನ್ನ ಯಾರಾದ್ರೂ ಎತ್ತಿ ಹಾಕೇ ಹಾಕ್ತಾರೆ. ನೀವೊಬ್ರೇ ಸಲೀಸಾಗಿ ಎತ್ತೋ ಅಷ್ಟಿರ್ಲಿ. ತಳಕ್ಕೆ ಎರಡು ಬೆರಳು ಮಂದ ಬಟ್ಟೆ ಹಾಸಿ, ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮಣ್ಣಿನ ಗೊಂಬೆ ಕೆಳಗೆ ಕಾಗದದ ಗೊಂಬೆ ಯಾವತ್ತೂ ಬೇಡ. ಚಿಕ್ಕ ಚಿಕ್ಕ ಪ್ರಾಣಿಗಳಿಗೆ, ತರಕಾರಿ ಸೆಟ್ಟಿಗೆ ರಟ್ಟಿನ ಮೊಟ್ಟೆ ಟ್ರೇ ಹೇಳಿ ಮಾಡಿಸಿದ್ದು. ಅಂಗಡೀಲಿ ಕೇಳಿದ್ರೆ ಸುಮ್ನೆ ಕೊಡ್ತಾರೆ. ಮಡಿ ಅನ್ನೋರು ಒಂದು ಬಟ್ಟೆ ಹಾಸ್ಕೊಳ್ಳಿ, ಅಷ್ಟೇ. ಕಟ್ಟಿದ್ಮೇಲೆ ಮೆಲ್ಲಗೆ ಅಲ್ಲಾಡಿಸಿ ನೋಡಿ. ಒಳಗೆ ಲೊಟಕ್ ಅಂದ್ರೆ ಬಿಚ್ಚಿ ಇನ್ನಷ್ಟು ತುಂಬಿ.

ಚನ್ನಪಟ್ಟಣದ ಗೊಂಬೆ ಬಿದ್ರೂ ಒಡೆಯಲ್ಲ ಅಂತ ಅಸಡ್ಡೆ ಮಾಡ್ತೀವಿ. ಅದು ಆಲೆಮರದ ಮೇಲೆ ಅರಗು ಹಚ್ಚಿದ್ದು. ಮರ ಗರಗರ ತಿರುಗೋವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ಆ ಉಜ್ಜೋ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ಕೊಳ್ಳುತ್ತೆ. ಬಿಸಿಗೆ ಹತ್ಕೊಂಡಿದ್ದು ಬಿಸಿಗೇ ಮೆತ್ತಗೂ ಆಗುತ್ತೆ. ನಾವು ಮನೆ ಬದಲಾಯಿಸೋದು ಯಾವಾಗ? ಮಕ್ಕಳ ಪರೀಕ್ಷೆ ಮುಗಿದ್ಮೇಲೆ, ಆಷಾಢ ಬರೋದ್ರೊಳಗೆ. ಅಂದ್ರೆ ಸುಡೋ ಬಿಸಿಲಲ್ಲಿ, ಟಾರ್ಪಾಲ್ ಹೊದ್ಸಿರೋ ಗಾಡೀಲಿ. ಗುಳ್ಳೆ ಪ್ಲಾಸ್ಟಿಕ್ಕನ್ನ ನೇರವಾಗಿ ಸುತ್ತಿದ್ರೆ ಬಣ್ಣದ ಮೇಲೆ ಗುಳ್ಳೆ ಅಚ್ಚು ಬೀಳಬಹುದು. ಒಂದೊಂದಕ್ಕೂ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಬೇಕೇ ಬೇಕು ಅಂದ್ರೆ ಅದರ ಮೇಲೆ.

ಪಟ್ಟದ ಗೊಂಬೆಗೆ ರಬ್ಬರ್ ಬ್ಯಾಂಡ್ ಹಾಕ್ಬೇಡಿ. ರಬ್ಬರ್ ತಾಕಿದ್ರೆ ಬೆಳ್ಳಿ ಜರಿ ಕಪ್ಪಾಗುತ್ತೆ. ಸರ, ಕಿರೀಟ, ಜಡೆ ಬಿಚ್ಚಿ ಬೇರೆ ಚೀಲಕ್ಕೆ ಹಾಕಿ, ಮೆತ್ತನೆ ಬಿಳೀ ಬಟ್ಟೇಲಿ ಸುತ್ತಿ. ನುಸಿಗುಳಿಗೆ ಬಣ್ಣಕ್ಕೆ, ಪ್ಲಾಸ್ಟಿಕ್ ಗೊಂಬೆಗೆ ತಾಕಿಸ್ಬೇಡಿ. ಒಂದು ತುಂಡು ಬಜೆ ಬೇರು ಇಟ್ರೆ ಸಾಕು. ಮತ್ತೆ ಈ ಜೋಡಿ ಲಾರಿಗೆ ಹತ್ತಬಾರದು. ಹೊಸ ಮನೇಲಿ ಹಾಲು ಉಕ್ಕಿಸೋಕೆ ದೇವರ ಫೋಟೋ, ದೀಪ ತೊಡೆ ಮೇಲೆ ಇಟ್ಕೊಂಡು ಹೋಗ್ತೀವಲ್ಲ, ಅದರ ಜೊತೆ ಇವೂ ಬರ್ಲಿ.

ಇನ್ನು ಎರಡು ಮಾತಿಗೆ ಉತ್ತರ ಹೇಳ್ಬೇಕು. ಒಂದು, "ಭಿನ್ನ ಆಗಿದ್ದು ಮನೇಲಿಡಬಾರದು" ಅಂತ. ಅದಕ್ಕೆ ಹೆದರಿ ಎಷ್ಟು ಜನ ಅರಳಿಕಟ್ಟೆ ಮೇಲೆ ಇಟ್ಟು ಬರ್ತೀವಿ! ಮಳೇಲಿ ನೆನೆದು, ನಾಯಿ ಉರುಳಿಸಿ, ಮುಖ ಕಳ್ಕೊಂಡು ಬಿದ್ದಿರೋ ಗೊಂಬೆಗಳನ್ನ ನೋಡಿದೀರಲ್ಲ? ಪೂಜೆಗೆ ಇಟ್ಟ ವಿಗ್ರಹದ ವಿಷಯ ಬೇರೆ, ಅದನ್ನ ನಿಮ್ಮ ನಿಮ್ಮ ಮನೆ ಹಿರಿಯರು ಹೇಳಿದ ಹಾಗೆ ಮಾಡಿ. ಶೆಟ್ಟಮ್ಮ ಏನು ದೇವರೇ? ಅವಳು ಅಂಗಡಿ ಇಟ್ಕೊಂಡಿರೋ ಹೆಂಗಸು. ಕೈ ಕಾಲು ಮುರಿದೋರನ್ನ ಮನೆಯಿಂದ ಆಚೆ ಹಾಕ್ತೀವಾ? ತುಂಡು ಒಂದೂ ಬಿಸಾಕದೆ ಒಂದು ಡಬ್ಬೀಲಿ ಹಾಕಿಡಿ, ಅಂಟು ಹಾಕಿ ಬಣ್ಣ ಹಚ್ಚಬಹುದು.

ಇನ್ನೊಂದು, "ಫ್ಲಾಟಲ್ಲಿ ಜಾಗ ಎಲ್ಲಿ? ಮಕ್ಕಳು ದೂರದಲ್ಲಿದಾರೆ, ಯಾರು ಕೂರಿಸ್ತಾರೆ?" ಈ ಮಾತಲ್ಲಿ ಸತ್ಯ ಇದೆ. ಎಲ್ರ ಕೈಲೂ ಒಂಬತ್ತು ಮೆಟ್ಲು ಆಗಲ್ಲ. ಮಂಡಿ ನೋವಿರೋರಿಗೆ ಅಟ್ಟ ಹತ್ತು ಅಂತ ನಾನು ಹೇಳಲ್ಲ. ಒಂದು ಸ್ಟೂಲ್ ಮೇಲೆ ಪಟ್ಟದ ಜೋಡಿ ಇಟ್ಟು ದೀಪ ಹಚ್ಚಿದ್ರೂ ದಸರಾನೇ. ಮಿಕ್ಕಿದ್ದನ್ನ ಆಸೆ ಇರೋ ಹುಡುಗೀನ ಕರೆದು, ಇದು ಯಾವ ವರ್ಷದ್ದು, ಯಾರು ತಂದಿದ್ದು ಅಂತ ಹೇಳಿ ನಿಮ್ಮ ಕೈಯಾರೆ ಕೊಡಿ. ಅದು ದಾನ. ಆದ್ರೆ ಹೇಗೂ ಬೇಡ ಅಂತ ಗೋಣಿಚೀಲಕ್ಕೆ ತುಂಬಿ, ಒಡೆದ್ಮೇಲೆ "ಅಯ್ಯೋ, ಹೋಯ್ತು" ಅನ್ನೋದು ದಾನ ಅಲ್ಲ. ನಾವು ತೀರ್ಮಾನ ಮಾಡೋಕೆ ಹೆದರಿ, ಆ ತೀರ್ಮಾನಾನ ರಸ್ತೆ ಹಂಪಿಗೆ ಬಿಡೋದು.

ಈ ವರ್ಷ ಮನೆ ಬದಲಾಯಿಸೋರು ಯಾರ್ಯಾರಿದೀರೋ, ಇವತ್ತೇ ಎರಡು ಕೆಲಸ ಮಾಡಿ. ಹೋದ ದಸರಾದ ಫೋಟೋ ಫೋನಲ್ಲಿ ಹುಡುಕಿ ಇಟ್ಕೊಳ್ಳಿ, ಅದೇ ನಿಮ್ಮ ಲೆಕ್ಕದ ಪುಸ್ತಕ, ಯಾವ್ದು ಯಾವ ಮೆಟ್ಲು ಅಂತಾನೂ ಅದರಲ್ಲೇ ಇದೆ. ಹಳೇ ಸೀರೆ ಪಾತ್ರೆಯೋನಿಗೆ ಹಾಕೋದು ನಿಲ್ಸಿ. ಹೊಸ ಮನೆಗೆ ಬಂದ ವಾರದೊಳಗೆ ಒಂದ್ಸಲ ಪೆಟ್ಟಿಗೆ ಬಿಚ್ಚಿ ಗಾಳಿಗಿಡಿ, ದಸರಾ ತನಕ ಕಾಯ್ಬೇಡಿ, ಮಳೆಗಾಲದ ಥಂಡಿ ಬಟ್ಟೆಯೊಳಗೇ ಕೂತ್ಬಿಡುತ್ತೆ.

ಶೆಟ್ಟಮ್ಮನ ತುಂಡುಗಳನ್ನ ನಮ್ಮತ್ತೆ ಬಿಸಾಕಿರ್ಲಿಲ್ಲ. ಹಾರ್ಲಿಕ್ಸ್ ಬಾಟ್ಲೀಲಿ ಹಾಕಿಟ್ಟಿದ್ರು. ಹೋದ ತಿಂಗಳು ಇಬ್ರೂ ಕೂತು ಅಂಟಿಸಿದ್ವಿ. ಕುತ್ತಿಗೆ ಸ್ವಲ್ಪ ಎಡಕ್ಕೆ ವಾಲಿದೆ, ಗೆರೆ ಕಾಣ್ದೇ ಇರ್ಲಿ ಅಂತ ಅತ್ತೆ ಒಂದು ಮಣಿಸರ ಪೋಣಿಸ್ತಿದಾರೆ. ಈ ದಸರಾಕ್ಕೆ ಬನ್ನಿ, ನೋಡೋರಂತೆ.